ಪುಣಿಸೆ, ಹುಣಸೆ, ಉಣ್ಸೆ

ಪಾದ್ರಿ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟಿನ ದೊಡ್ಡಸ್ತಿಕೆ ತಿಳಿಯಬೇಕಾದರೆ ಅದರಲ್ಲಿರುವ ಗಿಡಮರಗಳ ಹೆಸರು ನೋಡಬೇಕು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಆ ಪುಸ್ತಕ 'ಹ'ಕಾರದ ಮಾತನ್ನು ಅದರ ಹಳೆಯ 'ಪ'ಕಾರದ ರೂಪಕ್ಕೆ ಕೂಡಿಸುತ್ತದೆ, ತಮಿಳು ತೆಲುಗಿನ ನೆಂಟರನ್ನು ಪಕ್ಕದಲ್ಲಿ ಕೂರಿಸುತ್ತದೆ, ಮೈಸೂರು ಸೀಮೆಯ ಬಳಕೆಗೆ ಬೇರೆ ಗುರುತನ್ನೇ ಇಡುತ್ತದೆ.

ಹುಣಸೆಯನ್ನೇ ತೆಗೆದುಕೊಳ್ಳಿ, ಅದರ ಹಳೆಯ ರೂಪ ಪುಣಿಸೆ. ತಮಿಳಿನಲ್ಲಿ 'ಪುಳಿ' ಎಂದರೆ ಹಣ್ಣೂ ಹೌದು, ರುಚಿಯೂ ಹೌದು. ಕನ್ನಡ ಅದೇ ಬೇರಿನಿಂದ ಎರಡು ಕವಲು ತೆಗೆಯಿತು: ಮರಕ್ಕೆ ಹುಣಸೆ, ರುಚಿಗೆ ಹುಳಿ. ಮೈಸೂರಿನ ಮನೆಗಳಲ್ಲಿ ಬೇಳೆ ತರಕಾರಿ ಬೇಯಿಸಿ ಅನ್ನಕ್ಕೆ ಕಲಸುವುದಕ್ಕೂ ಹುಳಿ ಎಂದೇ ಹೆಸರು.

ಈ 'ಪ'ಕಾರ 'ಹ'ಕಾರವಾದ ಕತೆ ಈ ಸೀಮೆಯ ಊರ ಹೆಸರುಗಳಲ್ಲೇ ಇದೆ. ಹುಣಸೂರು ಹುಣಸೆಯ ಊರು. ಹೆಗ್ಗಡದೇವನಕೋಟೆಯ ಹೆಗ್ಗಡೆ ಶಾಸನಗಳಲ್ಲಿ ಪೆರ್ಗಡೆ. ಆದರೆ ಪಿರಿಯಾಪಟ್ಟಣ ಮಾತ್ರ ಹಿರಿಯಾಪಟ್ಟಣವಾಗದೆ ಹಳೆಯ 'ಪಿ'ಯನ್ನು ಉಳಿಸಿಕೊಂಡಿದೆ. 13ನೇ ಶತಮಾನದ ಕೇಶಿರಾಜ ಈ ಬದಲಾವಣೆಯನ್ನು ವ್ಯಾಕರಣದಲ್ಲಿ ಒಪ್ಪಿಕೊಂಡ. ಅವನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಸಂಪಾದಿಸಿದವರೂ ಕಿಟೆಲ್ಲರೇ.

ಆದರೆ ನುಡಿ ಅಲ್ಲಿಗೇ ನಿಲ್ಲಲಿಲ್ಲ. ಕೆ.ಆರ್. ನಗರದ ಸಂತೆಯಲ್ಲಿ "ಅರ್ಧ ಕೇಜಿ ಉಣ್ಸೆಣ್ಣು ಕೊಡಣ್ಣ" ಅನ್ನುವವರ ಬಾಯಲ್ಲಿ 'ಹ'ಕಾರವೂ ಉದುರಿದೆ. ಹಾಲು ಆಲಾಗಿದೆ, ಹುಣಸೂರು ಉಣ್ಸೂರಾಗಿದೆ. ಪ ಹ ಆದದ್ದನ್ನು ಬೆಳವಣಿಗೆ ಎನ್ನುವ ನಾವು ಹ ಬಿದ್ದುಹೋದದ್ದನ್ನು ತಪ್ಪು ಎನ್ನುತ್ತೇವೆ. ಶಾಲೆಯಲ್ಲಿ ಮಕ್ಕಳನ್ನು ನಿಲ್ಲಿಸಿ ತಿದ್ದುತ್ತೇವೆ. ಇದು ಅನ್ಯಾಯ.

ಒಂದೇ ಮಾತನ್ನು ಎರಡು ಬಗೆಯಲ್ಲಿ ಆಡುವುದು ತಪ್ಪಾಗಬೇಕಿಲ್ಲ. ಚೀನಾದಲ್ಲಿ ಚಹಾ ಗಿಡಕ್ಕೆ ಬರೆಯುವ ಅಕ್ಷರ ಒಂದೇ. ಬೀಜಿಂಗ್‌ನವರು ಅದನ್ನು 'ಚಾ' ಎಂದು ಓದುತ್ತಾರೆ, ಫುಜಿಯಾನ್ ಕರಾವಳಿಯವರು 'ತೆ' ಎನ್ನುತ್ತಾರೆ. ಆ ಎರಡೂ ಕನ್ನಡಕ್ಕೆ ಬಂದು ಧಾರವಾಡದ ಚಹಾ, ಮೈಸೂರಿನ ಟೀ ಆದವು. ಯಾವುದನ್ನೂ ಯಾರೂ ತಪ್ಪೆನ್ನಲಿಲ್ಲ. ಚೀನೀಯರ ಲಿಪಿ ಉಚ್ಚಾರವನ್ನು ಮರೆಮಾಡುತ್ತದೆ. ನಮ್ಮದು ಬಯಲಿಗಿಡುತ್ತದೆ, ಹಾಗಾಗಿ 'ಉಣ್ಸೆ' ಎಂದು ಬರೆದೊಡನೆ ಆಡಿದವರ ಊರು, ಓದು ಎಲ್ಲ ಅಳತೆಗೆ ಬೀಳುತ್ತವೆ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕಾವ್ಯ, ಶಾಸನಗಳನ್ನು ಜಾಲಾಡಿ ಕಟ್ಟಿದ ಅಪಾರ ದುಡಿಮೆ. ಅಂಥ ದುಡಿಮೆ ಈಗ ಸಂತೆಯ ಮಾತಿಗೂ ಸಲ್ಲಬೇಕು. ಪುಣಿಸೆ, ಹುಣಸೆಗಳ ಸಾಲಿನಲ್ಲಿ 'ಉಣ್ಸೆ'ಯೂ ಇರಲಿ. ಅದರ ಮುಂದೆ 'ಅಶುದ್ಧ' ಎಂಬ ಗುರುತು ಬೇಡ, ಆಡುವ ತಾಲ್ಲೂಕುಗಳ ಹೆಸರು ಬರಲಿ.