ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್: ಕನ್ನಡದ ಕಣ್ಣಿಂದ

ಮೋಟೆಬೆನ್ನೂರಿನ ನಮ್ಮ ಮನೆಯಲ್ಲಿ ದಿನದ ಕೆಲಸಕ್ಕೆಲ್ಲ ನಾನು ನೆಚ್ಚಿಕೊಂಡಿರುವುದು ಲಿನಕ್ಸ್ ಮಿಂಟ್. ಲ್ಯಾಪ್‌ಟಾಪು ಹಳೆಯದು, ವಿಂಡೋಸ್ 11 ಕೇಳುವ ಟಿಪಿಎಂ 2.0 ಇದರಲ್ಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ಇಂಥ ಎಷ್ಟೋ ಯಂತ್ರಗಳು ಗಟ್ಟಿಮುಟ್ಟಾಗಿದ್ದರೂ ಮೂಲೆ ಸೇರುವಂತಾದವು. 2 ಜಿಬಿ ಮೆಮೊರಿಯಲ್ಲೂ ನಡೆಯುವ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಅವನ್ನು ಉಳಿಸುತ್ತದೆ. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದರ ನೋಡಲು, ಪಹಣಿ ತೆಗೆಯಲು, ಮಕ್ಕಳ ಪಾಠಕ್ಕೆ ಅದರೊಂದಿಗೇ ಬರುವ ಫೈರ್‌ಫಾಕ್ಸ್ ಸಾಕು.

ಇಷ್ಟು ಹೊಗಳಿಕೆ ಎಲ್ಲ ಊರಿಗೂ ಸಲ್ಲುತ್ತದೆ. ನಮ್ಮವರಿಗೆ ಮುಖ್ಯವಾದ ಪರೀಕ್ಷೆ ಕನ್ನಡ. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿಮಣೆ ಇಲ್ಲಿಯೂ ಇದೆ. ಬೆರಳುಗಳು ಹೊಸದನ್ನು ಕಲಿಯಬೇಕಿಲ್ಲ. ಆದರೆ ಅದಕ್ಕಾಗಿ ಐಬಸ್, ಎಂ17ಎನ್ ಎಂಬ ಪೊಟ್ಟಣಗಳನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಇದನ್ನು ಹೇಳಿಕೊಡುವವರು ಹತ್ತಿರದಲ್ಲಿಲ್ಲದಿದ್ದರೆ ಹೊಸಬರು ಮೊದಲ ದಿನವೇ ಕೈಬಿಡುತ್ತಾರೆ. ಇದು ನಿಜವಾದ ಕೊರತೆ. ಅಕ್ಷರಗಳ ವಿಷಯದಲ್ಲಿ ದೂರಿಲ್ಲ: ಲೋಹಿತ್ ಇದೆ, ಸಂಚಯ ಬಳಗದ ಗುಬ್ಬಿ, ನವಿಲು ಇವೆ. ಮುಕ್ತ ಪರವಾನಗಿಯ ಈ ಫಾಂಟ್‌ಗಳಲ್ಲಿ ಒತ್ತಕ್ಷರ ಕೆಟ್ಟು ಕಂಡರೆ, ಬಲ್ಲವರು ಯಾರ ಅಪ್ಪಣೆಗೂ ಕಾಯದೆ ತಿದ್ದಬಹುದು.

ದೊಡ್ಡ ತೊಡಕು ಡಿಟಿಪಿ ಅಂಗಡಿಯಲ್ಲಿದೆ. ಅಲ್ಲಿನ ಲಗ್ನಪತ್ರಿಕೆ, ಕರಪತ್ರಗಳು ಪೇಜ್‌ಮೇಕರ್, ಕೋರೆಲ್‌ಡ್ರಾಗಳಲ್ಲಿ ಹುಟ್ಟುತ್ತವೆ. ಅವೆರಡಕ್ಕೂ ಲಿನಕ್ಸ್ ಆವೃತ್ತಿಯಿಲ್ಲ. ಯೂನಿಕೋಡ್‌ಗೆ ಬಾರದ ಹಳೆಯ ನುಡಿ ಕಡತಗಳು, ಆ ಫಾಂಟ್ ಇಲ್ಲದ ಕಡೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಈ ತಪ್ಪನ್ನು ಲಿನಕ್ಸ್ ಮೇಲೆ ಹೊರಿಸುವುದು ನ್ಯಾಯವಲ್ಲ. ಫಾಂಟ್ ಇಲ್ಲದಿದ್ದರೆ ವಿಂಡೋಸ್‌ನಲ್ಲೂ ಅದೇ ಗತಿ. 2024ರಲ್ಲಿ ಬಂದ ಸ್ಕ್ರೈಬಸ್ 1.6 ಯೂನಿಕೋಡ್ ಕನ್ನಡವನ್ನು ಜೋಡಿಸಬಲ್ಲದು. ಆದರೂ ಲಗ್ನದ ಸುಗ್ಗಿಯಲ್ಲಿ, ಗಿರಾಕಿ ಎದುರಿಗೆ ನಿಂತಿರುವಾಗ, ಅಂಗಡಿಯವರು ಹೊಸ ತಂತ್ರಾಂಶ ಕಲಿಯಲೆಂದು ಹೇಳಲಾರೆ.

ರೂಢಿ ಬೆಳೆಸಬೇಕಾದದ್ದು ಶಾಲೆಯಲ್ಲಿ. ಕೇರಳದ ಶಾಲೆಗಳು ಮುಕ್ತ ತಂತ್ರಾಂಶವನ್ನು ಒಪ್ಪಿಕೊಂಡಿದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಅಲ್ಲಿನ ಮಕ್ಕಳಿಗೆ ಎಟುಕಿದ್ದು ನಮ್ಮ ಹಾವೇರಿ ಜಿಲ್ಲೆಯ ಮಕ್ಕಳಿಗೆ ಎಟುಕದಿರಲು ಕಾರಣವಿಲ್ಲ.

ಮನೆಗೆ, ವಿದ್ಯಾರ್ಥಿಗೆ, ಬರೆಯುವವರಿಗೆ ಲಿನಕ್ಸ್ ಇಂದೇ ಯೋಗ್ಯ. ಅಂಗಡಿಯವರು ಮೊದಲು ಕಡತಗಳನ್ನು ಯೂನಿಕೋಡ್‌ಗೆ ತರಲಿ. ಆಮೇಲೆ ಯಾವ ಯಂತ್ರ ಕೊಂಡರೂ ಅವರ ಕನ್ನಡ ಅವರ ಕೈಯಲ್ಲೇ ಇರುತ್ತದೆ.