ಗಾಲುಸ್ ದ್ವಾರವೂ ಬರಿದಾದ ಗೋಡೆಯೂ: ಬಾಸೆಲ್ ಮಹಾದೇವಾಲಯವನ್ನು ಕುರಿತು

ರೈನ್ ನದಿಯ ದಂಡೆಯ ಎತ್ತರದಲ್ಲಿ ಕೆಂಪು ಮರಳುಗಲ್ಲಿನಿಂದ ಕಟ್ಟಿದ ಬಾಸೆಲ್ ನಗರದ ಮಹಾದೇವಾಲಯವನ್ನು ಕುರಿತು ಎರಡು ಬಗೆಯ ಮಾತುಗಳು ರೂಢಿಯಲ್ಲಿವೆ. ಪ್ರಾಟೆಸ್ಟಂಟರಾದ ನಾವು ಅದರ ಬರಿದಾದ ಒಳಗೋಡೆಗಳನ್ನು ತೋರಿಸಿ, ದೇವರ ವಾಕ್ಯಕ್ಕಾಗಿ ಶುದ್ಧಗೊಂಡ ಸ್ಥಳವಿದು ಎನ್ನುತ್ತೇವೆ. ಕಲೆಯ ಇತಿಹಾಸಕಾರರು ಅದೇ ಗೋಡೆಗಳನ್ನು ಕಂಡು ನಷ್ಟದ ಲೆಕ್ಕವನ್ನು ಬರೆಯುತ್ತಾರೆ. ಎರಡು ಪಕ್ಷದವರೂ ಕಟ್ಟಡವನ್ನು ಅರ್ಧ ಮಾತ್ರ ಓದಿದ್ದಾರೆ. ಏಕೆಂದರೆ ಇಬ್ಬರೂ ಒಳಗೆ ನಿಂತು ಮಾತನಾಡುತ್ತಾರೆ, ತಾವು ಹಾದುಬಂದ ಬಾಗಿಲನ್ನು ಮರೆಯುತ್ತಾರೆ.

ಉತ್ತರ ದಿಕ್ಕಿನ ಗಾಲುಸ್ ದ್ವಾರವು 12ನೆಯ ಶತಮಾನದ ಕೊನೆಯ ಭಾಗದ್ದು. 1356ರ ಅಕ್ಟೋಬರ್ 18ರ ಭೂಕಂಪವು ನಗರವನ್ನೂ ದೇವಾಲಯದ ಬಹುಭಾಗವನ್ನೂ ಕೆಡವಿತು, ದ್ವಾರ ಉಳಿಯಿತು. ಅದರ ನಡುವೆ ನ್ಯಾಯಾಧಿಪತಿಯಾದ ಕ್ರಿಸ್ತನು ಕುಳಿತಿದ್ದಾನೆ. ಆತನ ಪಾದದ ಕೆಳಗಿನ ಪಟ್ಟಿಯಲ್ಲಿ ಬುದ್ಧಿವಂತೆಯರೂ ಬುದ್ಧಿಹೀನರೂ ಆದ ಕನ್ಯೆಯರಿದ್ದಾರೆ. ಇಕ್ಕೆಲಗಳಲ್ಲಿ ಸುವಾರ್ತಿಕರು ನಿಂತಿದ್ದಾರೆ. ಅವರ ಆಚೆಗೆ ಆರು ಕರುಣಾಕಾರ್ಯಗಳು: ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಆಶ್ರಯ, ಬೆತ್ತಲೆಯವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿರುವವನ ಭೇಟಿ. ಮೇಲಿನ ವೃತ್ತಾಕಾರದ ಕಿಟಕಿಯು ಅದೃಷ್ಟಚಕ್ರ. ಅದರ ಅಂಚಿನಲ್ಲಿ ಮನುಷ್ಯರು ಏರುತ್ತಾರೆ, ಉರುಳುತ್ತಾರೆ. ಇಂದು ರೊಟ್ಟಿ ಕೊಡುವವನು ನಾಳೆ ಅದನ್ನು ಬೇಡಬಹುದು.

ಕನ್ಯೆಯರ ಸಾಮ್ಯವೂ ಕರುಣಾಕಾರ್ಯಗಳೂ ಮತ್ತಾಯನ ಸುವಾರ್ತೆಯ ಒಂದೇ ಅಧ್ಯಾಯದಿಂದ, ಅಂದರೆ 25ನೆಯದರಿಂದ, ಬಂದಿವೆ ಎಂಬುದನ್ನು ಗಮನಿಸಬೇಕು. ಹಾಗಾದರೆ ಈ ಬಾಗಿಲಿನ ಶಿಲ್ಪವನ್ನು ಕೇವಲ ಅಲಂಕಾರವೆನ್ನಲಾಗದು. ಅದು ಒಂದು ಅಧ್ಯಾಯದ ವ್ಯಾಖ್ಯಾನ. ಆರಾಧನೆಗೆ ಬರುವವನು ಬಡವನನ್ನು ಹಾದೇ ಒಳಗೆ ಹೋಗಬೇಕು ಎಂಬುದು ಅದರ ತಾತ್ಪರ್ಯ.

1529ರ ಫೆಬ್ರವರಿ 9ರಂದು ಜನರು ದೇವಾಲಯಕ್ಕೆ ನುಗ್ಗಿ ವಿಗ್ರಹಗಳನ್ನೂ ಚಿತ್ರಫಲಕಗಳನ್ನೂ ಒಡೆದರು. ಅವರ ಕೋಪವನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ದೇವರ ನಿಜವಾದ ಪ್ರತಿರೂಪ ಬಡ ಮನುಷ್ಯನೇ, ಮರದ ಬೊಂಬೆಗೆ ಸುರಿಯುವ ಹಣ ಅವನಿಗೆ ಸಲ್ಲಬೇಕು ಎಂಬ ವಾದ ಆ ಕಾಲದ ಸ್ವಿಸ್ ಸುಧಾರಕರಲ್ಲಿತ್ತು. ಅದು ಗಟ್ಟಿಯಾದ ವಾದ. ಆದರೆ ಅದೇ ವಾದವನ್ನು ಗಾಲುಸ್ ದ್ವಾರವು ಮುನ್ನೂರು ವರ್ಷಗಳಿಂದ ಕಲ್ಲಿನಲ್ಲಿ ಸಾರುತ್ತಲೇ ಇತ್ತು. ಪ್ರತಿಮೆಯನ್ನು ದ್ವೇಷಿಸಿದವರ ಅತ್ಯುತ್ತಮ ಮಾತು ಪ್ರತಿಮೆಯಲ್ಲಿಯೇ ಇತ್ತು.

ಮರ ಉರಿಯಿತು, ಭಂಡಾರದ ಬಂಗಾರ ಉಳಿಯಿತು. ಚಕ್ರವರ್ತಿ 2ನೆಯ ಹೆನ್ರಿಯ ಕೊಡುಗೆಯೆನ್ನಲಾದ ಬಲಿಪೀಠದ ಚಿನ್ನದ ಮುಖಫಲಕವೂ ಅದರಲ್ಲಿತ್ತು. 1833ರಲ್ಲಿ ಪ್ರಾಂತವು ಎರಡಾಗಿ ಒಡೆದಾಗ ಭಂಡಾರವೂ ಪಾಲಾಯಿತು. ಹಳ್ಳಿಗಾಡಿನ ಪಾಲಿಗೆ ಬಂದುದು 1836ರಲ್ಲಿ ಹರಾಜಾಯಿತು. ಆ ಮುಖಫಲಕ ಈಗ ಪ್ಯಾರಿಸಿನ ಕ್ಲೂನಿ ವಸ್ತುಸಂಗ್ರಹಾಲಯದಲ್ಲಿದೆ. ಮರದಲ್ಲಿ ವಿಗ್ರಹವನ್ನು ಕಂಡ ಕಣ್ಣಿಗೆ ಬಂಗಾರದಲ್ಲಿ ಆಸ್ತಿ ಮಾತ್ರ ಕಂಡಿತಲ್ಲವೇ? ವಿಗ್ರಹಾರಾಧನೆಯ ಅತಿ ಸೂಕ್ಷ್ಮ ರೂಪ ಗೋಡೆ ಬರಿದಾದ ಮೇಲೆಯೂ ಬದುಕಬಲ್ಲದು.

ಆದರೂ ನಗರವು ದ್ವಾರದ ಪಾಠವನ್ನು ಪೂರ್ತಿ ಮರೆಯಲಿಲ್ಲ. ಸುಧಾರಣೆಯ ಗಲಭೆಯಿಂದ ಬೇಸತ್ತು 1529ರಲ್ಲಿ ಊರು ಬಿಟ್ಟ ಎರಾಸ್ಮುಸ್ 1535ರಲ್ಲಿ ಮರಳಿ ಬಂದು ಮರುವರ್ಷ ತೀರಿಕೊಂಡಾಗ, ರೋಮನ್ ಸಭೆಯನ್ನು ಬಿಡದಿದ್ದ ಆತನಿಗೆ ಇದೇ ದೇವಾಲಯದಲ್ಲಿ ಸಮಾಧಿ ದೊರೆಯಿತು. ಪರದೇಶಿಗೆ ಆಶ್ರಯವೆಂದರೆ ಇದೇ.

ಬಾಸೆಲ್ ಮಿಶನ್ನಿನ ಮೊದಲ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಆ ಹರಾಜಿಗೆ ಎರಡು ವರ್ಷ ಮೊದಲು. ಅವರಿಂದ ನಮಗೆ ಬರಿದಾದ ಗೋಡೆ ಬಂದಿದೆ, ಅದನ್ನು ಗೌರವಿಸುತ್ತೇವೆ. ಆದರೆ ದೇವಾಲಯವನ್ನು ಹಿಗ್ಗಿಸುವ, ಗೋಪುರವನ್ನು ಎತ್ತರಿಸುವ ಯೋಜನೆ ಸಭೆಯ ಮುಂದೆ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಗೋಡೆಯದಲ್ಲ, ಬಾಗಿಲಿನದು: ನಮ್ಮ ಬಾಗಿಲಲ್ಲಿ ಯಾರು ನಿಂತಿದ್ದಾರೆ, ಅವರನ್ನು ನೋಡದೆ ನಾವು ಒಳಗೆ ಹೋಗಬಲ್ಲೆವೇ?