ಒಕ್ಕೂಟವೂ ದಾಸೋಹವೂ



ಮುಂಬಯಿ ಪ್ರಾಂತದ ಆಳ್ವಿಕೆಯಲ್ಲಿ ಈ ಸೀಮೆಗೆ ಉನ್ನತ ವಿದ್ಯೆ ದೂರದ ಮಾತಾಗಿತ್ತು. 1906ರಲ್ಲಿ ಬೀಳೂರು ಗುರುಬಸವ ಮಹಾಸ್ವಾಮಿಗಳವರ ಸಂಕಲ್ಪದಿಂದ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಉದಯಿಸಿತು; 1963ರಲ್ಲಿ ಅದು ಇಂಜಿನಿಯರಿಂಗ್ ಕಾಲೇಜನ್ನೂ ಸ್ಥಾಪಿಸಿತು. ಇಳಕಲ್ಲು, ಹುನಗುಂದಗಳಲ್ಲಿ ವಿಜಯ ಮಹಾಂತೇಶರ ನಾಮದಲ್ಲಿ, ಬಾದಾಮಿಯಲ್ಲಿ ವೀರಪುಲಿಕೇಶಿಯ ಹೆಸರಿನಲ್ಲಿ ವಿದ್ಯಾಸಂಸ್ಥೆಗಳು ಬೆಳೆದವು.

ಇಂದು ಖಾಸಗಿ ಕಾಲೇಜುಗಳಿಗೆ ರಾಜ್ಯಮಟ್ಟದ ಒಕ್ಕೂಟಗಳೂ ಇವೆ. ಅನುದಾನರಹಿತ ಇಂಜಿನಿಯರಿಂಗ್ ಕಾಲೇಜುಗಳ ಸಂಘವು ಶುಲ್ಕ ಮತ್ತು ಸೀಟು ಹಂಚಿಕೆಯನ್ನು ಕುರಿತು ಸರ್ಕಾರದೊಡನೆ ಮಾತುಕತೆ ನಡೆಸುತ್ತದೆ. ಕಾಮೆಡ್-ಕೆ ಒಕ್ಕೂಟವು ಪ್ರವೇಶ ಪರೀಕ್ಷೆಯನ್ನು ನಡೆಸುತ್ತದೆ. ಇದನ್ನು ನಾವು ಆಕ್ಷೇಪಿಸುವುದಿಲ್ಲ. ಒಂಟಿ ಸಂಸ್ಥೆಯ ಮೊರೆ ವಿಧಾನಸೌಧವನ್ನು ಮುಟ್ಟುವುದು ಕಷ್ಟ.

ಆದರೆ ಬೇಡುವಾಗ ಕೂಡಿ, ಹಂಚುವಾಗ ಬೇರೆಯಾಗುವುದು ಒಕ್ಕೂಟವೆನಿಸೀತೆ? ಹುನಗುಂದದಲ್ಲಿ ಒಂದು ವಿಷಯಕ್ಕೆ ಅಧ್ಯಾಪಕರಿಲ್ಲದಿದ್ದರೆ ನೆರೆಯ ಇಳಕಲ್ಲಿನವರು ಬಂದು ಪಾಠ ಹೇಳಬಾರದೆ? ಬಾಗಲಕೋಟೆಯ ಪ್ರಯೋಗಶಾಲೆ, ಗ್ರಂಥಾಲಯಗಳು ಬಾದಾಮಿಯ ಮಕ್ಕಳಿಗೂ ತೆರೆಯಬಾರದೆ? ಚಾಲುಕ್ಯರ ಗುಹಾಲಯಗಳ ಮುಂದೆ ನಾಲ್ಕೂ ಊರುಗಳ ಇತಿಹಾಸದ ವಿದ್ಯಾರ್ಥಿಗಳು ಒಟ್ಟಿಗೆ ಕಲಿಯಬಾರದೆ? ಇದಕ್ಕೆ ಸರ್ಕಾರದ ಆಜ್ಞೆಗಿಂತ ಆಡಳಿತ ಮಂಡಳಿಗಳ ಮನಸ್ಸು ಮುಖ್ಯ.

ಪಾಲನ್ನು ಕೇಳುವುದು ನ್ಯಾಯ. ತನ್ನಲ್ಲಿರುವುದನ್ನು ಹಂಚುವುದು ದಾಸೋಹ. ಭಕ್ತರ ಕಾಣಿಕೆಯಿಂದ ಬೆಳೆದ ಸಂಸ್ಥೆಗಳಿಗೆ ಎರಡನೆಯದೇ ಮೊದಲ ಧರ್ಮ. ಈ ಸಂಸ್ಥೆಗಳಲ್ಲಿ ಕಲಿತು ಬೆಳೆದ ನೀವು, ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಎಷ್ಟು ಪಡೆದಿರಿ ಎಂದು ಕೇಳುವುದರ ಜೊತೆಗೆ, ನೆರೆಯವರಿಗೆ ಏನು ಕೊಟ್ಟಿರಿ ಎಂದೂ ಕೇಳಿರಿ.